ಕೇಳಿ, ಹೇಳ್ತೇವೆ: ಸಂಕ್ರಾಂತಿಯ ಆಶೀರ್ವಾದ, ಕಾಶಿಯ ಸುದ್ದಿ

ಡಿಸೆಂಬರ್‌ನಲ್ಲಿ ಯಾತ್ರೆ, ಜನವರಿಯಲ್ಲಿ ಎಳ್ಳು ಬೀರುವುದು. ಎರಡೂ ಒಟ್ಟಿಗೆ ಬಂದದ್ದರಿಂದ ಈ ಸಲದ ಪ್ರಶ್ನೆಗಳೆಲ್ಲ ಹೆಚ್ಚುಕಡಿಮೆ ಒಂದೇ ಮನೆಯವರು ಬರೆದ ಹಾಗಿವೆ.

ಕಾಶಿ, ಪ್ರಯಾಗ, ಅಯೋಧ್ಯೆ ನೋಡಿಕೊಂಡು ಬಂದೆವು. ಪುಣೆಯಲ್ಲಿರುವ ಹತ್ತು ವರ್ಷದ ಮೊಮ್ಮಗನಿಗೆ ಹಬ್ಬದ ಆಶೀರ್ವಾದದ ಜೊತೆ ಯಾತ್ರೆಯ ವಿಷಯ ಬರೆಯೋಣ ಅಂತ ಕೂತರೆ ಬರೀ ದೇವಸ್ಥಾನಗಳ ಪಟ್ಟಿ ಆಗುತ್ತದೆ. ಏನು ಮಾಡಲಿ?
— ತುಮಕೂರಿನ ಅಜ್ಜಿ

ಪಟ್ಟಿ ಬೇಡವೇ ಬೇಡ. ಅದು ಟೂರಿನವರು ಕೊಟ್ಟ ಚೀಟಿಯಲ್ಲೇ ಇದೆ. ಎಂಟು ದಿನದಲ್ಲಿ ಒಂದು ಬೆಳಗ್ಗೆಯನ್ನು ಮಾತ್ರ ಆರಿಸಿಕೊಳ್ಳಿ. ಯಾವುದು ಅಂತ ತಿಳಿಯದಿದ್ದರೆ, ಊರಿಗೆ ಬಂದಿಳಿದ ದಿನ ಪಕ್ಕದ ಮನೆಯವರಿಗೆ ಮೊದಲು ಯಾವುದನ್ನು ಹೇಳಿದಿರಿ, ನೆನಪಿಸಿಕೊಳ್ಳಿ. ಅದೇ. ಅದರಲ್ಲಿ ಕಣ್ಣಿಗೆ ಬಿದ್ದದ್ದು, ಕಿವಿಗೆ ಬಿದ್ದದ್ದು, ತಿಂದದ್ದು, ಎಡವಟ್ಟಾದದ್ದು ಒಂದೊಂದು ಇದ್ದರೆ ಕಾಗದ ತುಂಬಿತು. ಎಡವಟ್ಟನ್ನು ಮುಚ್ಚಿಡಬೇಡಿ, ಮಂಜಿಗೆ ರೈಲು ಆರು ಗಂಟೆ ತಡವಾದದ್ದನ್ನು ಹುಡುಗ ಗೋಪುರದ ಎತ್ತರಕ್ಕಿಂತ ಆಸೆಪಟ್ಟು ಓದುತ್ತಾನೆ. ವಿಶ್ವನಾಥನ ಗುಡಿಯೊಳಗೆ ಮೊಬೈಲ್ ಬಿಡುವುದಿಲ್ಲವಲ್ಲ, ಹಾಗಾಗಿ ಅಲ್ಲಿನ ಫೋಟೋ ನಿಮ್ಮ ಹತ್ತಿರ ಇರುವುದಿಲ್ಲ. ಫೋಟೋ ಇಲ್ಲದ ಜಾಗಕ್ಕೇ ಮಾತು ಬೇಕು.

ಒಕ್ಕಣೆ ಹಳೆಯದೇ ಇರಲಿ, ಮೊಮ್ಮಕ್ಕಳಿಗೆ ಅದೇ ಹೊಸದು. ಕಿರಿಯರಿಗೆ ‘ಚಿ.’ ಸಾಕು, ಗಂಡು ಹೆಣ್ಣು ಇಬ್ಬರಿಗೂ ಸಲ್ಲುತ್ತದೆ, ‘ಸೌ.’ ಮದುವೆಯಾದವಳಿಗೆ. ಮೊದಲು ಆಶೀರ್ವಾದ, ಆಮೇಲೆ ಕ್ಷೇಮ, ಹಬ್ಬದ ಒಂದು ಮಾತು, ನಂತರ ಸುದ್ದಿ. ಹೀಗೆ:

“ಚಿ. ಪುಟ್ಟನಿಗೆ ಅಜ್ಜಿ ಮಾಡುವ ಅನೇಕ ಆಶೀರ್ವಾದಗಳು. ನಾವೆಲ್ಲ ಕ್ಷೇಮ. ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡು, ಅಮ್ಮನ ಜೊತೆಗೂ. ಕಾಶಿಯಲ್ಲಿ ಬೆಳಗ್ಗೆ ಎಂಟಾದರೂ ಗಂಗೆಯ ಆಚೆ ದಡ ಕಾಣಲಿಲ್ಲ, ಅಷ್ಟು ಮಂಜು. ನಮ್ಮ ದೋಣಿಯವನು ಹೋ ಅಂತ ಕೂಗುವುದು, ಕಾಣದ ಇನ್ನೊಂದು ದೋಣಿಯವನು ಓಗೊಡುವುದು, ಡಿಕ್ಕಿಯಾಗದ ಹಾಗೆ. ದಡಕ್ಕೆ ಬಂದು ಮಣ್ಣಿನ ಕುಡಿಕೆಯಲ್ಲಿ ಮಲೈಯೊ ತಿಂದೆ. ಹಾಲು ಕಾಯಿಸಿ ರಾತ್ರಿಯಿಡೀ ಇಬ್ಬನಿಯಲ್ಲಿಟ್ಟು, ಬೆಳಗಿನ ಜಾವ ಕಡೆದು ತೆಗೆದ ನೊರೆ, ಕೇಸರಿ ಹಾಕಿದ್ದು. ಬಾಯಿಗಿಟ್ಟೆ, ನುಂಗುವುದಕ್ಕೆ ಏನೂ ಇರಲಿಲ್ಲ! ಚಳಿಗಾಲ ಬಿಟ್ಟರೆ ಸಿಗುವುದಿಲ್ಲವಂತೆ. ಯಾಕಿರಬಹುದು, ಯೋಚಿಸಿ ಬರೆ.”

ಕೊನೆಗೆ ಒಂದು ಪ್ರಶ್ನೆ ಇಟ್ಟದ್ದು ಗಮನಿಸಿ. ಪ್ರಶ್ನೆಯಿದ್ದರೆ ಉತ್ತರ ಬರುತ್ತದೆ, ಇಲ್ಲದಿದ್ದರೆ ಹೆಬ್ಬೆಟ್ಟಿನ ಚಿತ್ರ ಬರುತ್ತದೆ.

ಇನ್‌ಲ್ಯಾಂಡ್ ಪತ್ರದಲ್ಲಿ ಕಾಶಿದಾರ, ಎರಡು ಫೋಟೋ ಇಟ್ಟು ಕಳಿಸಬಹುದೇ?
— ಹಾಸನದ ಓದುಗರು

ಇಡಬಾರದು. ಎರಡೂವರೆ ರೂಪಾಯಿಯ ಇನ್‌ಲ್ಯಾಂಡ್ ಬರವಣಿಗೆಗೆ ಮಾತ್ರ. ಒಳಗೆ ಏನೇ ಇಟ್ಟರೂ ನಿಯಮ ಮೀರಿದ ಹಾಗೆ, ದಂಡ ಬೀಳುವುದು ಪಡೆಯುವವರ ಮೇಲೆ. ಐದು ರೂಪಾಯಿಯ ಕವರ್ ತೊಗೊಳ್ಳಿ. ಅದು 20 ಗ್ರಾಂವರೆಗೆ. ಎ4 ಹಾಳೆ ಒಂದಕ್ಕೆ ಸುಮಾರು 5 ಗ್ರಾಂ, ಪೋಸ್ಟ್‌ಕಾರ್ಡ್ ಅಳತೆಯ ಫೋಟೋ ಮೂರು ನಾಲ್ಕು ಗ್ರಾಂ, ಕವರಿನದ್ದೂ ಒಂದಿಷ್ಟು. ಒಂದು ಹಾಳೆ, ಎರಡು ಫೋಟೋ, ಒಂದು ದಾರ: ಅಲ್ಲಿಗೆ ನಿಲ್ಲಿಸಿ. ಹೆಚ್ಚಾದರೆ ಅಂಚೆ ಕಚೇರಿಯಲ್ಲಿ ತೂಗಿಸಿ ಸ್ಟ್ಯಾಂಪ್ ಅಂಟಿಸಿ. ಕಡಿಮೆ ಅಂಟಿಸಿದರೆ ಕೊರತೆಯ ಎರಡರಷ್ಟನ್ನು ಆ ಕಡೆಯವರು ಕಟ್ಟಿ ಬಿಡಿಸಿಕೊಳ್ಳಬೇಕು. ಹಬ್ಬದ ದಿನ ಅದೇನು ಚೆಂದ!

ದಾರವನ್ನು ಗಂಟುಗಂಟಾಗಿ ಹಾಕಬೇಡಿ. ಮುದ್ರೆ ಒತ್ತುವಾಗ ಉಬ್ಬಿದ ಕಡೆ ಕವರ್ ಹರಿಯುತ್ತದೆ. ಚಪ್ಪಟೆಯಾಗಿ ಸುತ್ತಿ, ಕಾಗದದ ಮಡಿಕೆಯೊಳಗೆ ಒಂದು ಹನಿ ಗೋಂದಿನಲ್ಲಿ ಕೂರಿಸಿ. ಫೋಟೋ ಹಿಂದೆ ಬಾಲ್‌ಪೆನ್ ಒತ್ತಿ ಬರೆದರೆ ಮುಂದೆ ಗೆರೆ ಮೂಡುತ್ತದೆ, ಜೆಲ್ ಪೆನ್ನಾದರೆ ಇನ್ನೊಂದು ಫೋಟೋಗೆ ಮೆತ್ತುತ್ತದೆ. ಚೀಟಿಯಲ್ಲಿ ಊರು, ತಿಂಗಳು, ಯಾರ ಪಕ್ಕ ಯಾರು ಎಂದು ಬರೆದು ಅಂಚಿಗೆ ಅಂಟಿಸುವುದೇ ವಾಸಿ. ಹೊರ ರಾಜ್ಯವಾದರೆ ವಿಳಾಸ ಇಂಗ್ಲಿಷಿನಲ್ಲಿ, ಪಿನ್‌ಕೋಡಿನ ಆರೂ ಅಂಕಿ ಬಿಡಿಬಿಡಿಯಾಗಿ.

ನಮ್ಮ ದೊಡ್ಡಪ್ಪ ಯಾತ್ರೆಯ ನೂರಿಪ್ಪತ್ತು ಫೋಟೋಗಳನ್ನು ವಾಟ್ಸ್ಆ್ಯಪ್‌ನಲ್ಲಿ ಎಲ್ಲರಿಗೂ ಹಾಕುತ್ತಾರೆ. ಮಸುಕು. ಕೆಲವರಿಗೆ ತಲುಪುವುದೇ ಇಲ್ಲ. ಬಿಡಿಸಿ ಹೇಳಬೇಕು.
— ಮೈಸೂರಿನ ಓದುಗರು

ಮಸುಕಾಗುವುದು ಕ್ಯಾಮೆರಾದ ತಪ್ಪಲ್ಲ. ವಾಟ್ಸ್ಆ್ಯಪ್ ಫೋಟೋವನ್ನು ಕುಗ್ಗಿಸಿ ಕಳಿಸುತ್ತದೆ. ಫೋಟೋ ಆರಿಸಿದ ಮೇಲೆ ಮೇಲ್ಗಡೆ ‘ಎಚ್‌ಡಿ’ ಅನ್ನುವ ಗುಂಡಿ ಕಾಣುತ್ತದೆ, ಕಳಿಸುವ ಮುಂಚೆ ಅದನ್ನೊತ್ತಿ ಆರಿಸಿಕೊಳ್ಳಲಿ. ಪ್ರಿಂಟ್ ಹಾಕಿಸುವುದಿದ್ದರೆ ಅದೂ ಸಾಲದು. ಕ್ಲಿಪ್ ಗುರುತು ಒತ್ತಿ ‘ಡಾಕ್ಯುಮೆಂಟ್’ ಮೂಲಕ ಕಳಿಸಿದರೆ ಇದ್ದದ್ದು ಇದ್ದ ಹಾಗೆ ಹೋಗುತ್ತದೆ. ಒಬ್ಬರಿಂದ ಒಬ್ಬರಿಗೆ ಫಾರ್ವರ್ಡ್ ಆಗಿ ಬಂದದ್ದನ್ನೇ ಮತ್ತೆ ಎಚ್‌ಡಿ ಮಾಡಿ ಉಪಯೋಗವಿಲ್ಲ, ಹೋದ ವಿವರ ಹೋಯಿತು.

ತಲುಪದಿರುವುದಕ್ಕೆ ಬಹುಶಃ ಕಾರಣ ಬ್ರಾಡ್‌ಕಾಸ್ಟ್ ಪಟ್ಟಿ, ಅಂದರೆ ಒಂದೇ ಸಂದೇಶವನ್ನು ಹಲವರಿಗೆ ಬೇರೆಬೇರೆಯಾಗಿ ಕಳಿಸುವ ಪಟ್ಟಿ. ಅದರಲ್ಲಿ 256 ಜನರನ್ನು ಸೇರಿಸಬಹುದು, ಆದರೆ ದೊಡ್ಡಪ್ಪನ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಹೋಗುತ್ತದೆ. ದೊಡ್ಡಪ್ಪ ನಂಬರ್ ಬದಲಿಸಿದ್ದಾರೆಯೇ, ಕೇಳಿ ನೋಡಿ.

ಇನ್ನು ನೂರಿಪ್ಪತ್ತು. ಏಳು ಸಾಕು. ಆರತಿಯ ಹತ್ತು ಫೋಟೋಗಳಲ್ಲಿ ದೊಡ್ಡಪ್ಪ ಇರುವ ಒಂದು, ಊಟದ್ದೊಂದು, ದಾರಿಯದ್ದೊಂದು ಹೀಗೆ. ಪ್ರತಿಯೊಂದರ ಕೆಳಗೆ ಒಂದು ಸಾಲು. ಟೈಪ್ ಮಾಡಲು ಬೇಸರವಾದರೆ ಮೈಕ್ ಗುಂಡಿ ಒತ್ತಿ ಹಿಡಿದು ಮೇಲಕ್ಕೆ ಜಾರಿಸಿದರೆ ಬೀಗ ಬೀಳುತ್ತದೆ, ಬೆರಳು ತೆಗೆದು ಮಾತಾಡಬಹುದು. ಒಂದೂವರೆ ನಿಮಿಷ ದಾಟದಿರಲಿ. ಫ್ಯಾನ್ ಆರಿಸಿ, ಫೋನನ್ನು ಬಾಯಿಂದ ಒಂದು ಗೇಣು ದೂರ ಹಿಡಿಯಲಿ. ಗುಲಾಬಿ, ಸೂರ್ಯ, ಕಬ್ಬು ಇರುವ ಸಿದ್ಧ ಶುಭಾಶಯ ಚಿತ್ರಕ್ಕಿಂತ ದೊಡ್ಡಪ್ಪನ ಕೆಮ್ಮು ಸೇರಿದ ಆ ಧ್ವನಿಯನ್ನು ಜನ ಇಟ್ಟುಕೊಳ್ಳುತ್ತಾರೆ.

ಒಂದು ಎಚ್ಚರಿಕೆ. ಹಬ್ಬದ ಶುಭಾಶಯ ಅಂತ ಕೊನೆಯಲ್ಲಿ ‘ಎಪಿಕೆ’ ಎಂದಿರುವ ಕಡತ ಬಂದರೆ ಅದು ಚಿತ್ರವಲ್ಲ, ಫೋನಿನೊಳಕ್ಕೆ ಇಳಿಯುವ ಆ್ಯಪ್. ತೆರೆಯಬಾರದು. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಅಮ್ಮ ರೈಲು ಹತ್ತಿದ ತಕ್ಷಣ ಟಿಕೆಟ್ ಸಮೇತ ಸ್ಟೇಟಸ್ ಹಾಕುತ್ತಾರೆ. ಮನೆಗೆ ಬೀಗ. ಬೇಡ ಅಂದರೆ ಮುನಿಸು.
— ದಾವಣಗೆರೆಯ ಓದುಗರು

ಬೇಡ ಅನ್ನಬೇಡಿ, “ವಾಪಸ್ ಬಂದ ಮೇಲೆ ದಿನಕ್ಕೊಂದು ಹಾಕಮ್ಮ” ಅನ್ನಿ. ಟಿಕೆಟ್ಟಿನಲ್ಲಿ ಪಿಎನ್‌ಆರ್, ಹೆಸರು, ವಯಸ್ಸು ಎಲ್ಲ ಇರುತ್ತದೆ, ಅದನ್ನು ಮಾತ್ರ ಯಾವತ್ತೂ ಹಾಕುವುದು ಬೇಡ. ಸ್ಟೇಟಸ್ 24 ಗಂಟೆ ಇರುತ್ತದೆ. ಸ್ಟೇಟಸ್ ಪ್ರೈವೆಸಿಯಲ್ಲಿ ಮನೆಯವರನ್ನಷ್ಟೇ ಆರಿಸಿಟ್ಟರೆ ಹಾಲಿನವನಿಂದ ಹಿಡಿದು ಹಳೆ ಬಾಡಿಗೆದಾರನವರೆಗೆ ಎಲ್ಲರೂ ನೋಡುವುದು ತಪ್ಪುತ್ತದೆ.

ಸಿಡ್ನಿಯಲ್ಲಿರುವ ಮಗಳಿಗೆ ಪರಿಚಯದವರ ಕೈಯಲ್ಲಿ ಎಳ್ಳುಬೆಲ್ಲ ಕಳಿಸಬೇಕು. ಹೋದ ವರ್ಷ ತಲುಪುವಷ್ಟರಲ್ಲಿ ಮುದ್ದೆಯಾಗಿತ್ತು.
— ಬೆಂಗಳೂರಿನ ಓದುಗರು

ಮುದ್ದೆಯಾದದ್ದು ಬೆಲ್ಲದಿಂದ. ತೇವ ಎಳೆದುಕೊಂಡು ಹುರಿಗಡಲೆಯನ್ನೂ ಮೆತ್ತಗೆ ಮಾಡುತ್ತದೆ. ಅರ್ಧ ಕಿಲೋಗೆ ಕಡಲೆಕಾಯಿ ಬೀಜ 150 ಗ್ರಾಂ, ಹುರಿಗಡಲೆ 150, ಬಿಳಿ ಎಳ್ಳು 50, ಅಚ್ಚುಬೆಲ್ಲ 150. ಬೀಜವನ್ನು ಸಣ್ಣ ಉರಿಯಲ್ಲಿ ಹತ್ತು ನಿಮಿಷ ಹುರಿದು, ಪೂರ್ತಿ ಆರಿದ ಮೇಲೆ ಸಿಪ್ಪೆ ಉಜ್ಜಿ. ಎಳ್ಳು ಚಟಪಟ ಅಂದ ಕೂಡಲೆ ಇಳಿಸಿ, ಕೆಂಪಗಾದರೆ ಕಹಿ. ಬೆಲ್ಲವನ್ನು ಬೇಳೆ ಗಾತ್ರಕ್ಕೆ ಕತ್ತರಿಸಿ ಪೇಪರಿನ ಮೇಲೆ ಎರಡು ದಿನ ಬಿಸಿಲಿಗೆ ಹರಡಿ, ಬೇರೆ ಡಬ್ಬಿಯಲ್ಲೇ ಕಳಿಸಿ. ಅಲ್ಲಿ ಬೆರೆಸಿಕೊಳ್ಳಲಿ.

ಕೊಬ್ಬರಿ ಹಾಕಬೇಡಿ. ಎಣ್ಣೆಯಂಶದಿಂದಾಗಿ ಒಣಕೊಬ್ಬರಿ ತಾನಾಗಿ ಬಿಸಿಯೇರಬಲ್ಲ ವಸ್ತುಗಳ ಸಾಲಿನಲ್ಲಿದೆ, ಗಿಟುಕನ್ನು ವಿಮಾನದ ಸಾಮಾನಿನಲ್ಲಿ ಬಿಡುವುದಿಲ್ಲ. ಸಕ್ಕರೆ ಅಚ್ಚುಗಳನ್ನು ಒಂದೇ ಪದರವಾಗಿ ಸ್ಟೀಲ್ ಡಬ್ಬಿಯಲ್ಲಿಟ್ಟು ಸಂದುಗಳಿಗೆ ಟಿಶ್ಯೂ ತುರುಕಿ. ಗಿಳಿಯ ಕೊಕ್ಕು, ಆನೆಯ ಸೊಂಡಿಲು ಮೊದಲು ಮುರಿಯುವುದು, ಅವನ್ನು ಮಧ್ಯಕ್ಕೆ ತಿರುಗಿಸಿಡಿ.

ಒಯ್ಯುವವರಿಗೆ ಡಬ್ಬಿಯಲ್ಲಿ ಏನೇನಿದೆ ಅಂತ ಚೀಟಿ ಬರೆದುಕೊಡಿ. ಆಸ್ಟ್ರೇಲಿಯಾದಲ್ಲಿ ಇಳಿಯುವಾಗ ತುಂಬುವ ಕಾರ್ಡಿನಲ್ಲಿ ತಿನ್ನುವ ಪದಾರ್ಥ ಇದೆಯೇ ಎಂಬಲ್ಲಿ ‘ಹೌದು’ ಅನ್ನಲೇಬೇಕು. ಹೇಳಿದರೆ ನೋಡಿ ಬಿಡುತ್ತಾರೆ, ತೀರಾ ಆದರೆ ತೆಗೆದಿಟ್ಟುಕೊಳ್ಳುತ್ತಾರೆ. ಹೇಳದೆ ಸಿಕ್ಕಿಬಿದ್ದರೆ ದಂಡ ಕಟ್ಟುವುದು ನಿಮ್ಮ ಪರಿಚಯದವರು.