ಪ್ರಶ್ನೋತ್ತರ: ಸಿಇಟಿ ರ‍್ಯಾಂಕು, ಕಟ್‌ಆಫ್ ಮತ್ತು ಆಯ್ಕೆಪಟ್ಟಿ

ಸಿಇಟಿ ಫಲಿತಾಂಶ ಬಂದ ಮೇಲೆ ಈ ಅಂಕಣಕ್ಕೆ ಬರುವ ಪತ್ರಗಳೆಲ್ಲ ಬಹುಮಟ್ಟಿಗೆ ಒಂದೇ ವಿಷಯದ ಸುತ್ತ ಇರುತ್ತವೆ. ಅವುಗಳಲ್ಲಿ ಐದನ್ನು ಆರಿಸಿ, ಪತ್ರ ಬರೆದವರ ಹೆಸರು ಬಿಟ್ಟು, ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನನ್ನ ಮಗಳಿಗೆ ಎಂಜಿನಿಯರಿಂಗ್‌ನಲ್ಲಿ ಹದಿನಾಲ್ಕು ಸಾವಿರದ ಆಸುಪಾಸಿನ ರ‍್ಯಾಂಕ್ ಬಂದಿದೆ. ಅವಳಿಗೆ ಕಂಪ್ಯೂಟರ್ ಸೈನ್ಸ್ ಬೇಕು. ಸಿಗಲಾರದ ಕಾಲೇಜನ್ನು ಮೊದಲು ಹಾಕಿದರೆ ಸಿಗುವ ಕಾಲೇಜೂ ಕೈತಪ್ಪುತ್ತದೆ ಎಂದು ಪರಿಚಿತರೊಬ್ಬರು ಹೇಳುತ್ತಾರೆ. ಹತ್ತು ಆಯ್ಕೆ ಹಾಕಿದರೆ ಸಾಕೆಂದು ಸೈಬರ್ ಸೆಂಟರಿನವರು ಹೇಳುತ್ತಾರೆ. ಯಾರ ಮಾತನ್ನು ನಂಬಬೇಕು? – ಓದುಗರು, ತುಮಕೂರು

ಉತ್ತರ: ಇಬ್ಬರ ಮಾತನ್ನೂ ನಂಬಬೇಡಿ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸೀಟು ಹಂಚಿಕೆ ರ‍್ಯಾಂಕಿನ ಸರತಿಯಲ್ಲಿ ನಡೆಯುತ್ತದೆ. ನಿಮ್ಮ ಮಗಳಿಗಿಂತ ಮುಂದಿರುವವರ ಸರದಿ ಮುಗಿದ ಮೇಲೆ ಕಂಪ್ಯೂಟರ್ ಅವಳ ಪಟ್ಟಿಯ ಮೊದಲ ಆಯ್ಕೆಯನ್ನು ನೋಡುತ್ತದೆ, ಅಲ್ಲಿ ಅವಳಿಗೆ ಸಲ್ಲುವ ಸೀಟು ಉಳಿದಿದ್ದರೆ ಕೊಡುತ್ತದೆ, ಇಲ್ಲದಿದ್ದರೆ ಎರಡನೆಯದಕ್ಕೆ, ಮೂರನೆಯದಕ್ಕೆ ಇಳಿಯುತ್ತದೆ. ಮೊದಲ ಇಪ್ಪತ್ತು ಆಯ್ಕೆಗಳಲ್ಲಿ ಸೀಟು ಸಿಗಲಿಲ್ಲವೆಂಬ ಕಾರಣಕ್ಕೆ ಇಪ್ಪತ್ತೊಂದನೆಯದರಲ್ಲಿ ಅವಳ ಹಕ್ಕು ಕುಗ್ಗುವುದಿಲ್ಲ. ಆ ಕಾಲೇಜನ್ನು ಮೊದಲ ಸಾಲಿನಲ್ಲೇ ಬರೆದ, ಆದರೆ ರ‍್ಯಾಂಕಿನಲ್ಲಿ ಹಿಂದಿರುವ ಅಭ್ಯರ್ಥಿಗಿಂತ ಇವಳೇ ಮುಂದೆ. ಆದ್ದರಿಂದ ಪಟ್ಟಿಯ ಕ್ರಮವನ್ನು ಕೇವಲ ಇಷ್ಟದ ಮೇಲೆ ನಿರ್ಧರಿಸಬೇಕು, ಸಾಧ್ಯತೆಯ ಮೇಲೆ ಅಲ್ಲ. ಸಾಧ್ಯತೆಯ ಲೆಕ್ಕ ಬೇಕಾಗುವುದು ಪಟ್ಟಿ ಎಲ್ಲಿಯವರೆಗೆ ಇಳಿಯಬೇಕೆಂದು ತೀರ್ಮಾನಿಸುವಾಗ ಮಾತ್ರ. ಆಯ್ಕೆಗಳ ಸಂಖ್ಯೆಗೆ ಮಿತಿ ಇಲ್ಲದಿರುವಾಗ ಹತ್ತಕ್ಕೆ ನಿಲ್ಲಿಸುವುದು ಟೈಪ್ ಮಾಡುವವರ ಅನುಕೂಲವೇ ಹೊರತು ವಿದ್ಯಾರ್ಥಿಯದಲ್ಲ.

ಇನ್ನು ಸಾಧ್ಯತೆಯನ್ನು ಅಳೆಯುವ ಬಗೆ. ಅಂಕಗಳನ್ನು ಹಿಂದಿನ ವರ್ಷದ ಅಂಕಗಳ ಜೊತೆ ಹೋಲಿಸಬೇಡಿ. ಪಿಯುಸಿಯ ಮೂರು ವಿಷಯಗಳ ಅಂಕ ಮತ್ತು ಸಿಇಟಿ ಅಂಕಗಳಿಗೆ ಸಮಪಾಲು ಕೊಟ್ಟು ರ‍್ಯಾಂಕ್ ತಯಾರಾಗುತ್ತದೆ. ಒಂದು ವರ್ಷ ಪ್ರಶ್ನೆಪತ್ರಿಕೆ ಸುಲಭವಾಗಿರುತ್ತದೆ, ಇನ್ನೊಂದು ವರ್ಷ, 2024ರಲ್ಲಿ ಆದಂತೆ, ಪಠ್ಯಕ್ರಮದ ಹೊರಗಿನವೆಂದು 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದಲೇ ಕೈಬಿಡಬೇಕಾಗುತ್ತದೆ. ಹೋಲಿಕೆಗೆ ಸಿಗುವುದು ರ‍್ಯಾಂಕ್ ಒಂದೇ. ಪ್ರಾಧಿಕಾರವು ಪ್ರತಿ ಕಾಲೇಜಿನ ಪ್ರತಿ ಕೋರ್ಸಿಗೆ, ಪ್ರವರ್ಗವಾರು, ಸುತ್ತುವಾರು ಕಟ್‌ಆಫ್ ಪ್ರಕಟಿಸುತ್ತದೆ. ಕಟ್‌ಆಫ್ ಎಂದರೆ ಆ ಸೀಟು ಪಡೆದ ಕೊನೆಯ ಅಭ್ಯರ್ಥಿಯ ರ‍್ಯಾಂಕ್, ಅಷ್ಟೆ. ಕಾಲೇಜು ಮೊದಲೇ ನಿಗದಿಪಡಿಸಿದ ಗೆರೆಯಲ್ಲ.

ಒಂದು ಕಲ್ಪಿತ ಉದಾಹರಣೆ ನೋಡಿ. ಒಂದು ಕಾಲೇಜಿನ ಕಂಪ್ಯೂಟರ್ ಸೈನ್ಸ್‌ನಲ್ಲಿ ಸಾಮಾನ್ಯ ವರ್ಗದ ಕೊನೆಯ ರ‍್ಯಾಂಕ್ ಎರಡು ವರ್ಷಗಳ ಹಿಂದೆ ಮೊದಲ ಸುತ್ತಿನಲ್ಲಿ 9,800, ಕಳೆದ ವರ್ಷ 11,200, ಕಳೆದ ವರ್ಷದ್ದೇ ಕೊನೆಯ ಸುತ್ತಿನಲ್ಲಿ 13,100 ಇತ್ತೆಂದುಕೊಳ್ಳಿ. ಹದಿನಾಲ್ಕು ಸಾವಿರದವರಿಗೆ ಇದು ಆಸೆಯ ಕಾಲೇಜು, ಆದರೆ ದುರಾಸೆಯದಲ್ಲ: ವರ್ಷದಿಂದ ವರ್ಷಕ್ಕೆ ಗೆರೆ ಹಿಂದೆ ಸರಿಯುತ್ತಿದೆ, ಸುತ್ತಿನಿಂದ ಸುತ್ತಿಗೂ ಸರಿಯುತ್ತಿದೆ. ಕಳೆದ ಎರಡು ವರ್ಷಗಳ ಮೊದಲ ಸುತ್ತಿನಲ್ಲಿ 15,000ದಿಂದ 18,000ದ ನಡುವೆ ನಿಂತ ಕೋರ್ಸುಗಳು ನಿಮ್ಮ ಮಗಳ ಪಟ್ಟಿಯ ನಡುಭಾಗ. ಪಟ್ಟಿಯ ತಳದಲ್ಲಿ, ಮೊದಲ ಸುತ್ತಿನಲ್ಲೇ 22,000 ದಾಟಿದ ಕೆಲವಾದರೂ ಇರಲೇಬೇಕು. ರ‍್ಯಾಂಕಿನ ಒಂದೂವರೆ ಪಟ್ಟು ಎಂಬುದು ನನ್ನ ಅಳತೆಗೋಲು, ಸರ್ಕಾರದ್ದಲ್ಲ. ಇನ್ನಷ್ಟು ಜಾಗರೂಕರಾಗಿರುವವರು ಇನ್ನೂ ಕೆಳಗೆ ಇಳಿಯಬಹುದು.

ಗೆರೆ ಸರಿಯುವುದಕ್ಕೆ ಕಾರಣಗಳಿವೆ. ಒಂದೊಂದು ಕೋರ್ಸಿಗೂ ಇದ್ದ ಸೀಟುಗಳ ಮಿತಿಯನ್ನು ಎಐಸಿಟಿಇ (ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು) 2024–25ರಿಂದ ಸಡಿಲಿಸಿದ ಮೇಲೆ ಅನೇಕ ಖಾಸಗಿ ಕಾಲೇಜುಗಳು ಕಂಪ್ಯೂಟರ್ ಸಂಬಂಧಿ ಸೀಟುಗಳನ್ನೇ ಹೆಚ್ಚಿಸಿಕೊಂಡವು. ಆದ್ದರಿಂದ ಕಟ್‌ಆಫ್ ಪಟ್ಟಿಯನ್ನು ಈ ವರ್ಷದ ಸೀಟ್ ಮ್ಯಾಟ್ರಿಕ್ಸ್, ಅಂದರೆ ಯಾವ ಕಾಲೇಜಿನ ಯಾವ ಕೋರ್ಸಿಗೆ ಎಷ್ಟು ಸೀಟು ಎಂಬ ಪಟ್ಟಿಯ ಪಕ್ಕದಲ್ಲಿಟ್ಟು ಓದಬೇಕು. ಸೀಟು ದುಪ್ಪಟ್ಟಾದ ಕಡೆ ಹಳೆಯ ಕಟ್‌ಆಫ್ ನಿಮ್ಮನ್ನು ವೃಥಾ ಹೆದರಿಸುತ್ತದೆ. ಕೃತಕ ಬುದ್ಧಿಮತ್ತೆ, ಡೇಟಾ ಸೈನ್ಸ್, ಸೈಬರ್ ಸೆಕ್ಯುರಿಟಿ ಮುಂತಾದವು ಪಟ್ಟಿಯಲ್ಲಿ ಬೇರೆಬೇರೆ ಕೋರ್ಸುಗಳಾಗಿ ಬರುತ್ತವೆ. ಮೊದಲೆರಡು ವರ್ಷ ಹೆಚ್ಚುಕಡಿಮೆ ಒಂದೇ ಪಾಠವಿರುವ ಈ ಕೋರ್ಸುಗಳನ್ನು ಬಿಟ್ಟು ಬರೀ ‘ಕಂಪ್ಯೂಟರ್ ಸೈನ್ಸ್’ ಎಂದು ಹಾಕಿ ಅದೇ ಕಾಲೇಜನ್ನು ಕಳೆದುಕೊಳ್ಳುವವರು ಪ್ರತಿವರ್ಷ ಇದ್ದಾರೆ. ಕೆಲವು ಹಳೆಯ ಕಾಲೇಜುಗಳಲ್ಲಿ ಅನುದಾನಿತ ಸೀಟು ಬೇರೆ, ಅನುದಾನರಹಿತ ಸೀಟು ಬೇರೆ. ಶುಲ್ಕವೂ ಬೇರೆ, ಕಟ್‌ಆಫೂ ಬೇರೆ.

ಕ್ರಮ ಜೋಡಿಸುವಾಗ ಅಕ್ಕಪಕ್ಕದ ಎರಡೆರಡು ಆಯ್ಕೆಗಳನ್ನು ತೆಗೆದುಕೊಂಡು ಮಗಳನ್ನು ಕೇಳಿ: ಎರಡೂ ಈಗಲೇ ಕೈಯಲ್ಲಿದ್ದರೆ ಯಾವುದಕ್ಕೆ ಸೇರುತ್ತೀಯೆ? ತುಮಕೂರಿನಲ್ಲೇ ಮನೆಯಿಂದ ಓಡಾಡಿಕೊಂಡು ಸಿದ್ಧಗಂಗಾ ತಾಂತ್ರಿಕ ಮಹಾವಿದ್ಯಾಲಯದಲ್ಲಿ ಕಂಪ್ಯೂಟರ್ ಸೈನ್ಸ್ ಓದುವುದೋ, ಬೆಂಗಳೂರಿನ ಯುವಿಸಿಇಯಲ್ಲಿ ಎಲೆಕ್ಟ್ರಾನಿಕ್ಸೋ ಎಂಬಂಥ ಪ್ರಶ್ನೆಗೆ ಕಟ್‌ಆಫ್ ಉತ್ತರ ಕೊಡುವುದಿಲ್ಲ. 1917ರಲ್ಲಿ ಆರಂಭವಾದ ಸರ್ಕಾರಿ ಕಾಲೇಜಾದ ಯುವಿಸಿಇಯ ಕಡಿಮೆ ಶುಲ್ಕ, ಹಾಸ್ಟೆಲ್ ಖರ್ಚು, ಶಾಖೆಯ ಮೇಲಿನ ಆಸಕ್ತಿ, ಇವುಗಳನ್ನು ಮನೆಯವರು ಕುಳಿತು ತೂಗಬೇಕು. ಸೀಟು ಬಂದರೂ ಸೇರುವುದಿಲ್ಲ ಎಂಬ ಕಾಲೇಜನ್ನು ಮಾತ್ರ ಪಟ್ಟಿಗೆ ಸೇರಿಸಲೇಬೇಡಿ.

ನಿಜವಾದ ಹಂಚಿಕೆಗೆ ಮುನ್ನ ಪ್ರಯೋಗವಾಗಿ ನಡೆಸುವ ಅಣಕು ಹಂಚಿಕೆಯ ಬಗ್ಗೆಯೂ ಎಚ್ಚರವಿರಲಿ. ಅದರಲ್ಲಿ ನಾಲ್ಕನೆಯ ಆಯ್ಕೆ ಬಂತೆಂದು ಕೆಳಗಿನವುಗಳನ್ನು ಅಳಿಸುವ ಉತ್ಸಾಹ ಹಲವರಿಗೆ ಬರುತ್ತದೆ. ಆ ಹೊತ್ತಿಗೆ ಎಷ್ಟೋ ಅಭ್ಯರ್ಥಿಗಳು ಅರೆಬರೆ ಪಟ್ಟಿ ಹಾಕಿರುತ್ತಾರೆ. ಅಣಕು ಫಲಿತಾಂಶ ನೋಡಿದ ಮೇಲೆ ಎಲ್ಲರೂ ತಿದ್ದುತ್ತಾರೆ, ನಿಜವಾದ ಹಂಚಿಕೆಯಲ್ಲಿ ಚಿತ್ರ ಬದಲಾಗುತ್ತದೆ. ಅಣಕು ಹಂಚಿಕೆಯಲ್ಲಿ ಏನೂ ಸಿಗದಿದ್ದರೆ ಅದು ಬೆಲೆಬಾಳುವ ಸೂಚನೆ: ಪಟ್ಟಿಯ ತಳ ತೆಳ್ಳಗಿದೆ ಎಂದರ್ಥ.

ಪ್ರಶ್ನೆ: ನಾನು 2ಎ ಪ್ರವರ್ಗಕ್ಕೆ ಸೇರಿದವನು. ಹತ್ತನೆಯ ತರಗತಿಯವರೆಗೆ ಹಳ್ಳಿಯ ಕನ್ನಡ ಮಾಧ್ಯಮ ಶಾಲೆಯಲ್ಲಿ ಓದಿದ್ದೇನೆ. ಕಟ್‌ಆಫ್ ಪಟ್ಟಿಯಲ್ಲಿ ನಾನು ಯಾವ ಕಾಲಂ ನೋಡಬೇಕು? – ವಿದ್ಯಾರ್ಥಿ, ಹಾವೇರಿ

ಉತ್ತರ: ಒಂದಲ್ಲ, ಆರು. 2ಎಜಿ, 2ಎಆರ್, 2ಎಕೆ ಎಂಬ ಮೂರು ನಿಮ್ಮ ಪ್ರವರ್ಗದವು. ಕೊನೆಯ ಅಕ್ಷರ ಕ್ರಮವಾಗಿ ಸಾಮಾನ್ಯ, ಗ್ರಾಮೀಣ, ಕನ್ನಡ ಮಾಧ್ಯಮ. ಸಾಮಾನ್ಯ ವರ್ಗದ ಸೀಟುಗಳೂ ಎಲ್ಲರಿಗೂ ತೆರೆದಿರುವುದರಿಂದ ಜಿಎಂ, ಜಿಎಂಆರ್, ಜಿಎಂಕೆ ಕಾಲಂಗಳನ್ನೂ ನೋಡಿ. ಇವುಗಳಲ್ಲಿ ಯಾವ ಕಾಲಂನಲ್ಲಿ ಕೊನೆಯ ರ‍್ಯಾಂಕ್ ನಿಮ್ಮದಕ್ಕಿಂತ ಹಿಂದಿದೆಯೋ ಅಲ್ಲಿ ನಿಮಗೆ ಅವಕಾಶವಿದೆ.

ಆದರೆ ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಕಾಲಂಗಳನ್ನು ಪೂರ್ತಿಯಾಗಿ ನೆಚ್ಚಿಕೊಳ್ಳಬಾರದು. ಲೆಕ್ಕ ಹಾಕಿ ನೋಡಿ. ಅನುದಾನರಹಿತ ಖಾಸಗಿ ಕಾಲೇಜಿನ 60 ಸೀಟಿನ ಕೋರ್ಸಿನಲ್ಲಿ ಸರ್ಕಾರಿ ಕೋಟಾ ಶೇಕಡ 45 ಎಂದರೆ 27 ಸೀಟು. ಅದರಲ್ಲಿ 2ಎ ಪ್ರವರ್ಗಕ್ಕೆ ಶೇಕಡ 15, ಅಂದರೆ ಸುಮಾರು ನಾಲ್ಕು. ಆ ನಾಲ್ಕರಲ್ಲಿ ಗ್ರಾಮೀಣರಿಗೆ ಶೇಕಡ 15, ಕನ್ನಡ ಮಾಧ್ಯಮದವರಿಗೆ ಶೇಕಡ 5 ಎಂದರೆ ಒಂದು ಪೂರ್ಣ ಸೀಟೂ ಆಗುವುದಿಲ್ಲ. ಹೀಗಾಗಿ ಈ ಸೀಟುಗಳು ಕೆಲವು ಕಾಲೇಜುಗಳಲ್ಲಿ ಮಾತ್ರ ಒಂದೊಂದಾಗಿ ಕಾಣಿಸಿಕೊಳ್ಳುತ್ತವೆ. ಒಂದೇ ಸೀಟಿನ ಕಾಲಂನಲ್ಲಿ ಕಟ್‌ಆಫ್ ಎಂದರೆ ಒಬ್ಬ ವಿದ್ಯಾರ್ಥಿಯ ರ‍್ಯಾಂಕ್; ಕಳೆದ ವರ್ಷ ಆ ಒಬ್ಬ 40,000ದವನಾಗಿದ್ದರೆ ಈ ವರ್ಷ 19,000ದವನಾಗಬಹುದು. ಪಟ್ಟಿಯ ಮೇಲ್ಭಾಗಕ್ಕೆ ಈ ಕಾಲಂಗಳನ್ನು ಧೈರ್ಯವಾಗಿ ಬಳಸಿಕೊಳ್ಳಿ, ತಳಭಾಗವನ್ನು ಮಾತ್ರ 2ಎಜಿ ಕಾಲಂ ಮೇಲೆ ಕಟ್ಟಿರಿ.

ಇವೆಲ್ಲಕ್ಕೂ ಮೊದಲು ದಾಖಲೆ. ವ್ಯಾಸಂಗ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುರುಜು ಆಗಿದೆಯೇ, ತಹಶೀಲ್ದಾರರು ಕೊಟ್ಟ ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಅರ್ಜಿಯಲ್ಲಿರುವುದಕ್ಕೆ ಸರಿಹೊಂದುತ್ತದೆಯೇ ನೋಡಿ. ಪರಿಶೀಲನೆಯಲ್ಲಿ ಪ್ರವರ್ಗ ಬಿದ್ದುಹೋದರೆ ನೀವು ಸಾಮಾನ್ಯ ವರ್ಗಕ್ಕೆ ಹೋಗುತ್ತೀರಿ, ಮಾಡಿದ ಲೆಕ್ಕವೆಲ್ಲ ವ್ಯರ್ಥವಾಗುತ್ತದೆ.

ಪ್ರಶ್ನೆ: ಕಲ್ಯಾಣ ಕರ್ನಾಟಕದವರಿಗೆ ಬೆಂಗಳೂರಿನ ಕಾಲೇಜುಗಳಲ್ಲೂ ಮೀಸಲಾತಿ ಇದೆಯೇ? – ಪೋಷಕರು, ರಾಯಚೂರು

ಉತ್ತರ: ಇದೆ. ಸಂವಿಧಾನದ 371(ಜೆ) ವಿಧಿಯ ಅನ್ವಯ ಆ ಭಾಗದ ಕಾಲೇಜುಗಳಲ್ಲಿ ಶೇಕಡ 70, ರಾಜ್ಯದ ಉಳಿದ ಕಡೆ ಶೇಕಡ 8 ಸೀಟುಗಳು ಸ್ಥಳೀಯರಿಗೆ ಮೀಸಲು. ಇದಕ್ಕೆ ಅರ್ಹತಾ ಪ್ರಮಾಣಪತ್ರ ಬೇಕು, ಮತ್ತು ಕಟ್‌ಆಫ್ ಪಟ್ಟಿಯೂ ಪ್ರತ್ಯೇಕ. ಸಾಮಾನ್ಯ ಪಟ್ಟಿಯನ್ನಷ್ಟೇ ನೋಡಿ ಬೆಂಗಳೂರು, ಮೈಸೂರಿನ ಆಸೆ ಬಿಡುವುದು ತಪ್ಪು. ಹಾಗೆಯೇ ಕಲಬುರಗಿಯ ಪಿಡಿಎಯಂಥ ಹಳೆಯ ಕಾಲೇಜನ್ನು ಊರ ಹತ್ತಿರದ್ದೆಂಬ ಒಂದೇ ಕಾರಣಕ್ಕೆ ಕೆಳಗಿಡುವುದೂ ತಪ್ಪು.

ಪ್ರಶ್ನೆ: ಮಗ ಸಿಇಟಿ, ಕಾಮೆಡ್‌ಕೆ, ಜೆಇಇ ಮೂರನ್ನೂ ಬರೆದಿದ್ದಾನೆ. ಸಿಇಟಿಯ ಮೊದಲ ಸುತ್ತಿನಲ್ಲಿ ಸೀಟು ಬಂದರೆ ಯಾವ ಚಾಯ್ಸ್ ಒತ್ತಬೇಕು? – ಪೋಷಕರು, ಶಿವಮೊಗ್ಗ

ಉತ್ತರ: ಸೀಟು ಬಂದವರು ನಾಲ್ಕು ಚಾಯ್ಸ್‌ಗಳಲ್ಲಿ ಒಂದನ್ನು ಒತ್ತಬೇಕು. ಸಿಕ್ಕಿದ್ದು ತೃಪ್ತಿಯಾದರೆ ಒಂದು. ಸಿಕ್ಕಿದ್ದನ್ನು ಉಳಿಸಿಕೊಂಡು ಮೇಲಿನ ಆಯ್ಕೆಗಳಿಗಾಗಿ ಕಾಯುವುದಾದರೆ ಎರಡು. ಮುಂದಿನ ಸುತ್ತಿನಲ್ಲಿ ಮೇಲಿನದು ಸಿಕ್ಕರೆ ಹಳೆಯದು ತಾನಾಗಿ ರದ್ದಾಗುತ್ತದೆ, ಸಿಗದಿದ್ದರೆ ಹಳೆಯದು ಉಳಿಯುತ್ತದೆ. ಮೂರನೆಯದು ಸಿಕ್ಕಿದ್ದನ್ನು ಬಿಟ್ಟುಕೊಟ್ಟು ಕಾಯುವುದು, ನಾಲ್ಕನೆಯದು ಪ್ರಕ್ರಿಯೆಯಿಂದಲೇ ಹೊರಬರುವುದು. ಸೇರಲು ಮನಸ್ಸಿಲ್ಲದ ಕಾಲೇಜನ್ನು ಪಟ್ಟಿಗೆ ಹಾಕದೇ ಇದ್ದಿದ್ದರೆ ಮೂರನೆಯದನ್ನು ಒತ್ತುವ ಪ್ರಸಂಗವೇ ಬಹುತೇಕ ಬರುವುದಿಲ್ಲ. ಯಾವ ಚಾಯ್ಸ್‌ಗೆ ಎಷ್ಟು ಹಣ, ಯಾವ ದಿನದೊಳಗೆ ಕಟ್ಟಬೇಕೆಂಬುದನ್ನು ಆಯಾ ವರ್ಷದ ಪ್ರಕಟಣೆಯಲ್ಲೇ ಓದಿ. ಹಿಂದಿನ ವರ್ಷದವರ ಬಾಯಿಮಾತನ್ನು ಇಲ್ಲಿ ನೆಚ್ಚಬೇಡಿ.

ರಾಜ್ಯದ ಸಿಇಟಿ, ಖಾಸಗಿ ಕಾಲೇಜುಗಳ ಒಕ್ಕೂಟದ ಕಾಮೆಡ್‌ಕೆ, ರಾಷ್ಟ್ರಮಟ್ಟದ ಜೆಇಇ ಎಂಬ ಮೂರು ಪರೀಕ್ಷೆಗಳಿಗೆ ಮೂರು ಪಟ್ಟಿಗಳಿದ್ದರೂ ಮನೆಯಲ್ಲಿ ಒಂದು ಒಟ್ಟು ಪಟ್ಟಿ ಇರಲಿ, ಅದರಲ್ಲಿ ಪ್ರತಿ ಸೀಟಿನ ಪಕ್ಕ ನಾಲ್ಕು ವರ್ಷದ ಶುಲ್ಕ ಬರೆದಿರಲಿ. ಒಂದೇ ಕಾಲೇಜಿನ ಒಂದೇ ತರಗತಿಯಲ್ಲಿ ಸರ್ಕಾರಿ ಕೋಟಾದವನಿಗಿಂತ ಕಾಮೆಡ್‌ಕೆಯವನು ಬಹಳ ಹೆಚ್ಚು ಶುಲ್ಕ ಕಟ್ಟುತ್ತಾನೆ. ಆದ್ದರಿಂದ ಸಿಇಟಿಯಲ್ಲಿ ಸಿಕ್ಕ ಹಾಸನದ ಮಲೆನಾಡು ಎಂಜಿನಿಯರಿಂಗ್ ಕಾಲೇಜಿನ ಸೀಟನ್ನು ಕಾಮೆಡ್‌ಕೆಯ ಬೆಂಗಳೂರು ಸೀಟಿಗಿಂತ ಮೇಲಿಡುವುದು ಅನೇಕ ಕುಟುಂಬಗಳಿಗೆ ವಿವೇಕದ ನಿರ್ಧಾರ. ಜೆಇಇ ಮೂಲಕ ಸುರತ್ಕಲ್ಲಿನ ಎನ್‌ಐಟಿಕೆ ನೋಡುತ್ತಿದ್ದರೆ ರಾಜ್ಯದೊಳಗಿನವರ ಕಾಲಂ ಅನ್ನೇ ನೋಡಿ. ಅಲ್ಲಿ ಅರ್ಧದಷ್ಟು ಸೀಟು ಕರ್ನಾಟಕದಲ್ಲಿ ಹನ್ನೆರಡನೆಯ ತರಗತಿ ಪಾಸಾದವರಿಗೆ ಸಿಗುತ್ತದೆ. ಧಾರವಾಡದ ಐಐಟಿಗೆ ಇಂಥ ರಾಜ್ಯ ಕೋಟಾ ಇಲ್ಲ, ಅದಕ್ಕೆ ಜೆಇಇ ಅಡ್ವಾನ್ಸ್ಡ್ ರ‍್ಯಾಂಕೇ ಬೇಕು.

ಪ್ರಶ್ನೆ: ಮಗಳು ದ್ವಿತೀಯ ಪಿಯುಸಿಯಲ್ಲಿದ್ದಾಳೆ, ಪದವಿಗೆ ಅಮೆರಿಕಕ್ಕೆ ಹೋಗುವ ಆಸೆ. ಹೆಸರಾಂತ ಇಪ್ಪತ್ತು ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕಿದರೆ ಒಂದಾದರೂ ಸಿಗದೇ? – ಪೋಷಕರು, ಬೆಂಗಳೂರು

ಉತ್ತರ: ಸಿಗದೇ ಹೋಗಬಹುದು. ಅಲ್ಲಿ ರ‍್ಯಾಂಕಿನ ಸರತಿಯೂ ಇಲ್ಲ, ಆಯ್ಕೆಗಳ ಕ್ರಮವೂ ಇಲ್ಲ. ಪ್ರತಿ ಕಾಲೇಜು ಅಂಕ, ಪ್ರಬಂಧ, ಶಿಫಾರಸು ಪತ್ರ, ಚಟುವಟಿಕೆಗಳನ್ನು ಬೇರೆಬೇರೆಯಾಗಿ ನೋಡಿ ತನ್ನದೇ ತೀರ್ಮಾನ ಮಾಡುತ್ತದೆ. ಹಾರ್ವರ್ಡ್, ಸ್ಟ್ಯಾನ್‌ಫರ್ಡ್, ಎಂಐಟಿಗಳು ನೂರು ಅರ್ಜಿಗಳಲ್ಲಿ ಐದನ್ನೂ ಒಪ್ಪುವುದಿಲ್ಲ. ಅಂಥ ಇಪ್ಪತ್ತು ಕಡೆ ಹಾಕಿದರೆ ಸಾಧ್ಯತೆ ಇಪ್ಪತ್ತು ಪಟ್ಟು ಆಗುವುದಿಲ್ಲ, ಏಕೆಂದರೆ ಒಂದು ಕಡೆ ಅರ್ಜಿಯನ್ನು ಬೀಳಿಸಿದ ಕೊರತೆಯೇ ಇನ್ನೊಂದು ಕಡೆಯೂ ಕಣ್ಣಿಗೆ ಬೀಳುತ್ತದೆ. ಒಂದೇ ಅರ್ಜಿಯನ್ನು ಹಲವು ವಿಶ್ವವಿದ್ಯಾಲಯಗಳಿಗೆ ಕಳುಹಿಸುವ ಕಾಮನ್ ಅಪ್ಲಿಕೇಷನ್‌ನಲ್ಲಿ ಇಪ್ಪತ್ತರ ಮಿತಿಯಿದೆ, ಪ್ರತಿ ಅರ್ಜಿಗೂ ಶುಲ್ಕ ಮತ್ತು ಬಹಳಷ್ಟು ಕಡೆ ಪ್ರತ್ಯೇಕ ಪ್ರಬಂಧ. ಎಂಟೋ ಒಂಬತ್ತೋ ಸಾಕು: ಎರಡು-ಮೂರು ಆಸೆಯವು, ಅವಳ ಅಂಕಗಳು ಅಲ್ಲಿ ಸೇರಿದವರ ಅಂಕಗಳ ನಡುಮಟ್ಟದಲ್ಲಿರುವ ನಾಲ್ಕು, ಖಚಿತವೆನ್ನಬಹುದಾದ ಎರಡು. ಇದಕ್ಕೆ ಬೇಕಾದ ಅಂಕಿಅಂಶವನ್ನು ಹೆಚ್ಚಿನ ವಿಶ್ವವಿದ್ಯಾಲಯಗಳು ‘ಕಾಮನ್ ಡೇಟಾ ಸೆಟ್’ ಎಂಬ ವಾರ್ಷಿಕ ದಾಖಲೆಯಲ್ಲಿ ಪ್ರಕಟಿಸುತ್ತವೆ. ವಿಭಾಗದ ವ್ಯತ್ಯಾಸವನ್ನೂ ಮರೆಯಬೇಡಿ. ಅರ್ಬಾನಾ-ಶಾಂಪೇನ್‌ನ ಇಲಿನಾಯ್ ವಿಶ್ವವಿದ್ಯಾಲಯಕ್ಕೆ ಒಟ್ಟಾರೆ ಪ್ರವೇಶ ಸಿಗುವುದಕ್ಕಿಂತ ಅದರ ಕಂಪ್ಯೂಟರ್ ಸೈನ್ಸ್‌ಗೆ ಸಿಗುವುದು ಎಷ್ಟೋ ಕಷ್ಟ.

ನಮ್ಮವರು ಕಡೆಗಣಿಸುವುದು ಹಣದ ಪ್ರಶ್ನೆಯನ್ನು. ವಿದೇಶಿ ವಿದ್ಯಾರ್ಥಿ ಆರ್ಥಿಕ ನೆರವು ಕೇಳಿದ್ದಾಳೆಂಬುದನ್ನು ಪ್ರವೇಶದ ತೀರ್ಮಾನದಲ್ಲಿ ಗಣಿಸದೆ, ಅಗತ್ಯವಿದ್ದಷ್ಟು ನೆರವನ್ನೂ ಕೊಡುವ ಸಂಸ್ಥೆಗಳು ಕೆಲವೇ: ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್‌ಹರ್ಸ್ಟ್ ಅವುಗಳಲ್ಲಿ ಸೇರಿವೆ. ಉಳಿದ ಬಹುಪಾಲು ಕಡೆ ನೆರವು ಕೇಳಿದರೆ ಪ್ರವೇಶದ ಸಾಧ್ಯತೆ ತಗ್ಗುತ್ತದೆ. ಪ್ರವೇಶ ಸಿಕ್ಕರೂ ಶುಲ್ಕ ಭರಿಸಲಾಗದ ಕಾಲೇಜು ಖಚಿತ ಆಯ್ಕೆಯಲ್ಲ. ನವೆಂಬರಿನ ಆಸುಪಾಸಿನ ‘ಅರ್ಲಿ ಡಿಸಿಷನ್’ ಅರ್ಜಿ ಸೇರಲೇಬೇಕಾದ ಕರಾರು. ನಾಲ್ಕು ವರ್ಷದ ಖರ್ಚಿನ ಲೆಕ್ಕ ಕಾಗದದ ಮೇಲೆ ಬರುವವರೆಗೆ ಅದಕ್ಕೆ ಸಹಿ ಹಾಕಬೇಡಿ. ಹೇಗೂ ಅವಳು ದ್ವಿತೀಯ ಪಿಯುಸಿಯಲ್ಲಿರುವುದರಿಂದ ಸಿಇಟಿಗೂ ಅರ್ಜಿ ಹಾಕಿಸಿ.