ಮುಂದಿನ ಚಕ್ರದ ಒಳಬದಿಯಲ್ಲಿ ಗ್ರೀಸ್: ಡ್ರೈವ್‌ಶಾಫ್ಟ್‌ನಿಂದಲೇ ಬರುತ್ತಿದೆಯೇ?

ಫ್ರಂಟ್ ವೀಲ್ ಡ್ರೈವ್ ಕಾರಿನಲ್ಲಿ ರಿಮ್ಮಿನ ಒಳಬದಿ, ಸಸ್ಪೆನ್ಷನ್ ಆರ್ಮ್ ಮೇಲೆಲ್ಲ ಕಪ್ಪು ಗ್ರೀಸ್ ಗೀರುಗೀರಾಗಿ ಎರಚಿದ್ದರೆ ಸಾಮಾನ್ಯವಾಗಿ ಸಿವಿ ಜಾಯಿಂಟಿನ ರಬ್ಬರ್ ಬೂಟ್ ಹರಿದಿದೆ ಎಂದೇ ಅರ್ಥ. ಗೇರ್‌ಬಾಕ್ಸ್‌ನಿಂದ ಚಕ್ರಕ್ಕೆ ಶಕ್ತಿ ಒಯ್ಯುವ ಡ್ರೈವ್‌ಶಾಫ್ಟ್‌ನ ಎರಡೂ ತುದಿಯಲ್ಲಿರುವ ಬಾಗುವ ಕೀಲೇ ಸಿವಿ ಜಾಯಿಂಟ್; ಅದರ ಗ್ರೀಸ್ ಹಿಡಿದಿಡುವ ಮಡಿಕೆ ಮಡಿಕೆಯ ಹೊದಿಕೆಯೇ ಬೂಟ್. ಶಾಫ್ಟ್ ತಿರುಗುವ ರಭಸಕ್ಕೆ ಗ್ರೀಸ್ ಸುತ್ತಲೂ ಸಿಡಿಯುತ್ತದೆ.

ಮೊದಲು ಬೆರಳಿಗೆ ಹಚ್ಚಿ ನೋಡಿ. ಮಂದವಾಗಿ, ಕಪ್ಪಾಗಿ ಅಂಟಿದರೆ ಜಾಯಿಂಟಿನ ಗ್ರೀಸ್. ತೆಳುವಾಗಿದ್ದು ಗೇರ್‌ಬಾಕ್ಸ್ ಕಡೆಯಿಂದ ತೊಟ್ಟಿಕ್ಕುತ್ತಿದ್ದರೆ ಅದು ಗೇರ್ ಆಯಿಲ್. ಅಲ್ಲಿ ಕೆಟ್ಟಿರುವುದು ಆಯಿಲ್ ಸೀಲ್, ಬೂಟ್ ಅಲ್ಲ.

ಸ್ಟೀರಿಂಗನ್ನು ಪೂರ್ತಿ ಒಂದು ಕಡೆಗೆ ತಿರುಗಿಸಿ, ಎಂಜಿನ್ ಆಫ್ ಮಾಡಿ, ಹೊರಗಿನ (ಚಕ್ರದ ಕಡೆಯ) ಬೂಟಿನ ಒಂದೊಂದು ಮಡಿಕೆಯನ್ನೂ ಬಿಡಿಸಿ ನೋಡಿ. ಬಿರುಕು ಮಡಿಕೆಯ ತಳದಲ್ಲೇ ಅಡಗಿರುತ್ತದೆ, ಮೇಲ್ನೋಟಕ್ಕೆ ಕಾಣುವುದಿಲ್ಲ. ರಬ್ಬರ್ ಚೆನ್ನಾಗಿದ್ದು ಅಂಚಿನಲ್ಲಷ್ಟೇ ಗ್ರೀಸ್ ಇದ್ದರೆ ಬೂಟನ್ನು ಬಿಗಿಹಿಡಿಯುವ ಪಟ್ಟಿ (ಕ್ಲಾಂಪ್) ಸಡಿಲವಾಗಿದೆ. ಅದನ್ನಷ್ಟೇ ಬದಲಿಸಿದರೂ ಆದೀತು.

ಗ್ರೀಸ್ ಹೋಗುವುದಕ್ಕಿಂತ ಒಳಗೆ ಮಣ್ಣು, ನೀರು ಸೇರುವುದೇ ದೊಡ್ಡ ಅಪಾಯ. ಖಾಲಿ ಜಾಗದಲ್ಲಿ ಪೂರ್ತಿ ತಿರುವಿನಲ್ಲಿ ನಿಧಾನ ಓಡಿಸಿ. ಟಕ್ ಟಕ್ ಸದ್ದು ಬಂದರೆ ಹೊರ ಜಾಯಿಂಟ್ ಸವೆದಿದೆ, ಬೂಟ್ ಹಾಕಿ ಪ್ರಯೋಜನವಿಲ್ಲ. ನೇರ ರಸ್ತೆಯಲ್ಲಿ ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಗಾಡಿ ನಡುಗಿದರೆ ಒಳ (ಗೇರ್‌ಬಾಕ್ಸ್ ಕಡೆಯ) ಜಾಯಿಂಟನ್ನು ಅನುಮಾನಿಸಿ.

ಸದ್ದಿಲ್ಲದಿದ್ದರೆ ತಡಮಾಡದೆ ಬೂಟ್ ಕಿಟ್ ಹಾಕಿಸಿ. ಹಳೇ ಗ್ರೀಸನ್ನು ಪೂರ್ತಿ ತೊಳೆದು ಒಣಗಿಸಿ, ಕಿಟ್‌ನಲ್ಲಿ ಕೊಟ್ಟಿರುವಷ್ಟೂ ಗ್ರೀಸ್ ತುಂಬಬೇಕು. ಹೊರ ಜಾಯಿಂಟಿಗೆ ಮಾಲಿಬ್ಡಿನಂ ಇರುವ ಸಿವಿ ಗ್ರೀಸ್ ಬೇಕು. ಡಬ್ಬಿಯಲ್ಲಿರುವ ಮಾಮೂಲಿ ಚಾಸಿ ಗ್ರೀಸ್ ದಯವಿಟ್ಟು ಹಾಕಿಸಬೇಡಿ. ಕ್ಲಾಂಪ್ ಬದಲು ಪ್ಲಾಸ್ಟಿಕ್ ಟೈ ಕಟ್ಟಿದರೂ ಒಪ್ಪಬೇಡಿ, ಬಿಸಿಗೆ ಸಡಿಲವಾಗಿ ಮತ್ತೆ ಸೋರುತ್ತದೆ. ಶಾಫ್ಟನ್ನು ಚಕ್ರದ ಹಬ್ಬಿಗೆ ಬಿಗಿಯುವ ಹಬ್ ನಟ್ ಹೊಸದೇ ಇರಲಿ.