ದಡದಿಂದ ಕಡಲ ಮೀನು ಹಿಡಿಯಲು ಲೂರ್ ಯಾವುದು, ಎರೆ ಯಾವುದು, ಹೊತ್ತು ಯಾವುದು?

ಸಿಂಧನೂರಿನಿಂದ ಕೇಳಿದ್ದೀರಿ. ತುಂಗಭದ್ರೆಯಲ್ಲಿ ಗಾಳ ಹಾಕಿ ರೂಢಿ ಇದೆ, ಡಿಸೆಂಬರ್‌ನಲ್ಲಿ ಅಂಕೋಲಾ, ಗೋಕರ್ಣದ ಕಡೆ ಹೊರಟಿದ್ದೀರಿ, ದೋಣಿ ಇಲ್ಲದೆ ದಡದಲ್ಲೇ ನಿಂತು ಹಿಡಿಯಬೇಕು. ನಾನು ಮುನಿರಾಬಾದಿನವನು. ಡ್ಯಾಮಿನ ಹಿನ್ನೀರಲ್ಲೇ ಗಾಳ ಕಲಿತವನು, ಚಳಿಗಾಲ ಬಂತೆಂದರೆ ಅದೇ ಕರಾವಳಿಗೆ ಹೋಗುತ್ತೇನೆ.

ಲೂರ್, ಅಂದರೆ ಮೀನನ್ನು ಮರುಳು ಮಾಡುವ ಕೃತಕ ಎರೆ, ಆಮೇಲೆ. ಮೊದಲು ನೀರಿನ ಹೊತ್ತು ನೋಡಿ. ನಮ್ಮ ಹಿನ್ನೀರಲ್ಲಿ ಹಿಂಡಿ ಹಾಕಿ ಮೀನು ಬರೋ ತನಕ ಕೂತಿರಬಹುದು. ಕಡಲಲ್ಲಿ ಅದು ನಡೆಯಲ್ಲ. ಅಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ, ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ನೀರು ಓಡುವಾಗ ಮೀನು ಮೇಯುತ್ತದೆ, ನಿಂತಾಗ ಬಾಯಿ ಮುಚ್ಚುತ್ತದೆ. ಕಾರವಾರದ ಉಬ್ಬರ-ಇಳಿತದ ಸಮಯ ಫೋನಲ್ಲೇ ಸಿಗುತ್ತದೆ. ಮರಳ ದಂಡೆಯಲ್ಲಾದರೆ ನೀರು ಏರುವ ಹೊತ್ತು ಒಳ್ಳೆಯದು, ಅದು ಬೆಳಗಿನ ಜಾವಕ್ಕೆ ಕೂಡಿಬಂದರೆ ಇನ್ನೇನು ಬೇಕು. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸು ಸೆಳೆತ ಜಾಸ್ತಿ. ಅಷ್ಟಮಿ ಹೊತ್ತಿಗೆ ಮಂದ.

ನನ್ನ ಕೇಳಿದರೆ ಬೀಚ್ ಬಿಟ್ಟು ಅಳಿವೆಗೆ ಹೋಗಿ. ಗಂಗಾವಳಿ, ಅಘನಾಶಿನಿ ಕಡಲು ಸೇರುವ ಜಾಗಗಳು. ಅಲ್ಲಿ ಮಾತ್ರ ಇಳಿತವೇ ಬೇಕು. ನೀರು ಇಳಿಯತೊಡಗಿದರೆ ಒಳಗಿನ ಸಿಗಡಿ, ಮರಿಮೀನು ಎಲ್ಲಾ ಹೊರಗೆ ಬರುತ್ತವೆ, ಕೆಂಬೇರಿಯಂಥ ಬೇಟೆ ಮೀನುಗಳು ಅವಕ್ಕಾಗಿ ಕಾದಿರುತ್ತವೆ. ಓಡುವ ನೀರು ಮತ್ತು ನಿಂತ ನೀರಿನ ನಡುವೆ ನೊರೆ, ಕಸಕಡ್ಡಿಯ ಒಂದು ಗೆರೆ ಕಾಣುತ್ತದೆ. ಅದರ ಆಚೆ ಎಸೆದು, ಗೆರೆ ದಾಟಿಸಿ ಎಳೆದುಕೊಳ್ಳಿ.

ಶೇಂಗಾ ಹಿಂಡಿ, ಹಿಟ್ಟಿನ ಉಂಡೆ ಮನೆಯಲ್ಲೇ ಇರಲಿ. ಅವು ರೋಹು, ಕಾಟ್ಲಾಗೆ. ಕಡಲ ದಂಡೆಗೆ ಸಿಗಡಿಯಷ್ಟು ನಂಬಿಕೆಯ ಎರೆ ಇಲ್ಲ. ಆ ಕಡೆ ಅದಕ್ಕೆ ಶೆಟ್ಲಿ ಅಂತಾರೆ, ಬೆಳಿಗ್ಗೆ ಮೀನು ಮಾರುವ ಅಮ್ಮಂದಿರ ಹತ್ತಿರ ತಾಜಾ ಸಿಗುತ್ತದೆ. ಸಿಪ್ಪೆ ಸುಲಿಯಬೇಡಿ. ಬಾಲದ ರೆಕ್ಕೆ ಚಿವುಟಿ, ಆ ತುದಿಯಿಂದ ಗಾಳ ತೂರಿಸಿ, ಮೊನೆ ಹೊಟ್ಟೆಯ ಕಡೆ ಹೊರಬರಲಿ. ರೆಕ್ಕೆ ಬಿಟ್ಟರೆ ಸೆಳೆತಕ್ಕೆ ಎರೆ ಗಿರಗಿರ ತಿರುಗಿ ಲೈನ್ ಪೂರ್ತಿ ಸುರುಳಿಯಾಗುತ್ತದೆ. ಸೀಸ ಲೈನ್ ಮೇಲೆ ಜಾರುವಂತೆ ಕಟ್ಟಿ, ಆಗ ಕಚ್ಚಿದ ಮೀನಿಗೆ ಭಾರ ತಿಳಿಯಲ್ಲ. ಏಡಿ ಕಾಟ ಇದ್ದರೆ ಬೊಂಡಾಸ್ (ಸ್ಕ್ವಿಡ್) ಪಟ್ಟಿ ಹಾಕಿ, ಅದು ಗಟ್ಟಿ. ಬಂಗಡೆ ತುಂಡು ವಾಸನೆಗೆ ಚೆನ್ನ, ಆದರೆ ಮೆತ್ತಗಿರುವುದರಿಂದ ದಾರ ಸುತ್ತಿಯೇ ಎಸೆಯಬೇಕು.

ಲೂರ್ ಎರಡು ಸಾಕು, ಸುಮ್ನೆ ಡಬ್ಬಿ ತುಂಬಾ ಕೊಳ್ಳಬೇಡಿ. ಬೀಚಿಗೆ 20ರಿಂದ 30 ಗ್ರಾಂನ ಲೋಹದ ಸ್ಪೂನ್ (ಚಮಚದಾಕಾರದ ಲೂರ್), ದೂರ ಹೋಗುತ್ತದೆ. ಅಳಿವೆಗೆ ಜಿಗ್ ಹೆಡ್ (ತಲೆಗೆ ಸೀಸದ ಭಾರ ಕೂಡಿಸಿದ ಗಾಳ) ಮೇಲೆ ರಬ್ಬರ್ ಮೀನು. ನೀರು ತಿಳಿಯಾಗಿದ್ದರೆ ಬೆಳ್ಳಿ ಬಣ್ಣ, ಕದಡಿದ್ದರೆ ಎದ್ದು ಕಾಣುವ ಬಿಳಿ ಅಥವಾ ಗಿಳಿಹಸಿರು. ಚಳಿಗಾಲದ ಬೆಳಿಗ್ಗೆ ಗಾಳಿ ದಡದಿಂದ ಕಡಲಿಗೆ ಬೀಸುತ್ತದೆ, ಎಸೆತಕ್ಕೆ ಅನುಕೂಲ. ಮಧ್ಯಾಹ್ನ ಮುಖಕ್ಕೇ ಬೀಸುತ್ತದೆ.

ಬಂಡೆ ಹತ್ತುವುದಾದರೆ ಪಾಚಿ ಹಿಡಿದ ಕಡೆ ಕಾಲಿಡಬೇಡಿ, ಅಲೆಗೆ ಬೆನ್ನು ಕೊಡಬೇಡಿ. ಉಬ್ಬರ ಏರಿದ ಮೇಲೆ ವಾಪಸ್ ಬರೋ ದಾರಿ ಉಳಿಯುತ್ತಾ ಅಂತ ಹತ್ತುವ ಮೊದಲೇ ಅಲ್ಲಿಯ ಮೀನುಗಾರರನ್ನು ಕೇಳಿ. ಹೊಳೆಗೆ ಬಳಸುವ ರೀಲನ್ನೇ ಒಯ್ದರೆ ಅದೇ ರಾತ್ರಿ ಸಿಹಿನೀರಲ್ಲಿ ತೊಳೆದು, ಒರೆಸಿ, ಆರಿದ ಮೇಲೆ ಎಣ್ಣೆ ಬಿಡಿ. ಸಿಂಧನೂರಿಗೆ ಬಂದ ಮೇಲೆ ತೊಳೆದರಾಯಿತು ಅಂದುಕೊಂಡರೆ ಅಷ್ಟರೊಳಗೆ ಉಪ್ಪು ತನ್ನ ಕೆಲಸ ಶುರು ಮಾಡಿರುತ್ತದೆ.